ಹಿಂಬದಿಯ ಪುಟದ ಹಲ್ಲಿಗಳು: ಎಶರ್ ಅವರ ಕರಡು ಚಿತ್ರಗಳಿಂದ ನಮ್ಮ ಮಕ್ಕಳು ಕಲಿಯಬಹುದಾದುದು

ಕೆಲವು ವರ್ಷಗಳ ಹಿಂದೆ, ಓಣಂ ಪರೀಕ್ಷೆ ಮುಗಿದ ಬಳಿಕ ನಡೆದ ಹೆತ್ತವರ ಸಭೆಯಲ್ಲಿ, ಏಳನೆಯ ತರಗತಿಯ ಬಾಲಕನೊಬ್ಬನ ತಂದೆ ಮಗನ ಗಣಿತದ ಪುಸ್ತಕವನ್ನು ನಮ್ಮ ಮೇಜಿನ ಮೇಲೆ ತೆರೆದಿಟ್ಟರು. "ಮಾಷ್ಟ್ರೇ, ಲೆಕ್ಕದ ಪುಸ್ತಕದಲ್ಲಿ ಲೆಕ್ಕ ಒಂದು ಬಿಟ್ಟು ಬಾಕಿ ಎಲ್ಲ ಉಂಟು. ಬರುವ ವರ್ಷ ಇವನನ್ನು ಇಂಗ್ಲಿಷ್ ಮೀಡಿಯಂಗೆ ಹಾಕುವ ಅಂತ ಇದ್ದೇವೆ. ಲೆಕ್ಕಕ್ಕೆ ಇಂಗ್ಲಿಷೇ ಬೇಕಂತೆ" ಎಂದರು.

ಪುಸ್ತಕದ ಹಿಂಬದಿಯ ಪುಟಗಳಲ್ಲಿ ಮೀನುಗಳಿದ್ದವು. ಒಂದು ಮೀನಿನ ಬೆನ್ನು ಇನ್ನೊಂದರ ಹೊಟ್ಟೆಗೆ ತಾಗಿ, ಒಂದರ ಬಾಲದ ಸಂದಿನಲ್ಲಿ ಮತ್ತೊಂದರ ಮೂತಿ ಸೇರಿ, ನಡುವೆ ಎಲ್ಲಿಯೂ ಖಾಲಿ ಜಾಗ ಉಳಿಯದಂತೆ ಬರೆಯಲು ಆತ ಯತ್ನಿಸಿದ್ದ. ಹೊಂದಿಕೆಯಾಗದ ಕಡೆ ಗೀಚಿ ಅಳಿಸಿ, ಪುಟ ತಿರುವಿ, ಪುನಃ ಆರಂಭಿಸಿದ್ದ. ನಾವು ಆ ಪುಟಗಳನ್ನು ನೋಡಿದೆವು, ಆದರೆ ಓದಲಿಲ್ಲ. "ಚಿತ್ರ ಬರೆಯುವುದು ಬಿಡು ಮಗಾ, ಲೆಕ್ಕ ಮಾಡು" ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದೆವು. ಆ ಬಾಲಕ ಮರುವರ್ಷ ನಮ್ಮ ಶಾಲೆಯಲ್ಲಿರಲಿಲ್ಲ.

ಆತ ಗೀಚುತ್ತಿದ್ದುದೇ ಗಣಿತವಾಗಿತ್ತು ಎಂಬುದು ನಮಗೆ ತಿಳಿದದ್ದು ತಡವಾಗಿ, ನೆದರ್ಲೆಂಡ್ಸಿನ ಕಲಾವಿದರೊಬ್ಬರ ಕರಡು ಚಿತ್ರಗಳನ್ನು ಕಂಡ ಮೇಲೆ. ಅವರ ಹೆಸರು ಮೌರಿಟ್ಸ್ ಕಾರ್ನೆಲಿಸ್ ಎಶರ್. ಅವರ ಕರಡು ಪುಸ್ತಕಗಳಲ್ಲಿ ಏನಿದೆ, ಅವು ಹೇಗೆ ಬೆಳೆದವು, ಅವುಗಳ ಹಿಂದಿನ ನಿಯಮಗಳೇನು ಎಂಬುದನ್ನು ಕನ್ನಡ ಮಾಧ್ಯಮದ ಹೆತ್ತವರಿಗೆ ಹಾಗೂ ಮಕ್ಕಳಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಶಾಲೆಯಲ್ಲಿ ಸೋತ ಬಾಲಕ

ಎಶರ್ ಹುಟ್ಟಿದ್ದು 1898ರ ಜೂನ್ 17ರಂದು, ನೆದರ್ಲೆಂಡ್ಸಿನ ಲೇವಾರ್ಡನ್ ನಗರದಲ್ಲಿ. ತಂದೆ ಎಂಜಿನಿಯರು. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ; ಆದರೆ ಬಾಲಕನಿಗೆ ಶಾಲೆ ಒಗ್ಗಲಿಲ್ಲ. ಗಣಿತದಲ್ಲಿ ಆತ ಹಿಂದುಳಿದಿದ್ದ. ಪ್ರೌಢಶಾಲೆಯ ಅಂತಿಮ ಪರೀಕ್ಷೆಯಲ್ಲಿ ಅನುತ್ತೀರ್ಣನಾದ. ಮುಂದೆ ಗಣಿತಜ್ಞರೂ ವಿಜ್ಞಾನಿಗಳೂ ಯಾರ ಚಿತ್ರಗಳನ್ನು ತಮ್ಮ ಪಾಠಗಳಿಗೆ ಬಳಸಿಕೊಂಡರೋ ಆ ವ್ಯಕ್ತಿಯ ಶಾಲಾ ದಾಖಲೆ ಇದು.

1919ರಲ್ಲಿ ಎಶರ್ ವಾಸ್ತುಶಿಲ್ಪ ಕಲಿಯಲೆಂದು ಹಾರ್ಲೆಮ್ ನಗರದ ಕಲಾಶಾಲೆಗೆ ಸೇರಿದರು. ಅದು ತಂದೆಯ ಇಚ್ಛೆಯಾಗಿತ್ತು. ಅಲ್ಲಿ ಅಚ್ಚುಚಿತ್ರಕಲೆಯನ್ನು ಕಲಿಸುತ್ತಿದ್ದ ಸಾಮ್ಯುಯೆಲ್ ಯೆಸ್ಸುರುನ್ ದೆ ಮೆಸ್ಕಿತಾ ಎಂಬ ಅಧ್ಯಾಪಕರು ಈ ಯುವಕನ ಚಿತ್ರಗಳನ್ನು ನೋಡಿದರು. ನಾವು ಮುಚ್ಚಿದಂತೆ ಅವರು ಪುಸ್ತಕ ಮುಚ್ಚಲಿಲ್ಲ. ಇವನು ಕಲಿಯಬೇಕಾದದ್ದು ಅಚ್ಚುಚಿತ್ರವನ್ನೇ ಎಂದು ಪ್ರೋತ್ಸಾಹಿಸಿದರು. ಎಶರ್ ವಾಸ್ತುಶಿಲ್ಪ ಬಿಟ್ಟು ಅವರ ಶಿಷ್ಯರಾದರು.

ವಿದ್ಯಾರ್ಥಿಯಾಗಿದ್ದಾಗಲೇ, 1922ರಲ್ಲಿ, ಎಶರ್ "ಎಂಟು ತಲೆಗಳು" ಎಂಬ ಮರದಚ್ಚಿನ ಚಿತ್ರವನ್ನು ರಚಿಸಿದರು. ನಾಲ್ವರು ಗಂಡಸರ, ನಾಲ್ವರು ಹೆಂಗಸರ ಮುಖಗಳು ಒಂದಕ್ಕೊಂದು ಹೊಂದಿಕೊಂಡು ಇಡೀ ಮರದ ಹಲಗೆಯನ್ನು ತುಂಬಿವೆ. ಚಿತ್ರವನ್ನು ತಲೆಕೆಳಗು ಹಿಡಿದಾಗ ಮಾತ್ರ ಅವುಗಳಲ್ಲಿ ಅರ್ಧದಷ್ಟು ನೆಟ್ಟಗೆ ಕಾಣುತ್ತವೆ. ಖಾಲಿ ಜಾಗ ಉಳಿಯದಂತೆ ಆಕೃತಿಗಳಿಂದ ಹಾಳೆ ತುಂಬುವ ಆಸೆ ಅವರಲ್ಲಿ ಆಗಲೇ ಮೊಳೆತಿತ್ತು.

ಅಲ್ಹಾಂಬ್ರಾದ ಗೋಡೆಗಳ ಮುಂದೆ

ಅದೇ 1922ರಲ್ಲಿ ಎಶರ್ ಸ್ಪೇನಿನ ಗ್ರನಾಡ ನಗರದಲ್ಲಿರುವ ಅಲ್ಹಾಂಬ್ರಾ ಅರಮನೆಯನ್ನು ಮೊದಲ ಬಾರಿಗೆ ಕಂಡರು. 13 ಮತ್ತು 14ನೆಯ ಶತಮಾನಗಳಲ್ಲಿ ಅಲ್ಲಿ ಆಳಿದ ನಸ್ರಿದ್ ವಂಶದ ಮುಸ್ಲಿಂ ಅರಸರು ಕಟ್ಟಿಸಿದ ಅರಮನೆ ಅದು. ಅದರ ಗೋಡೆಗಳ ಕೆಳಭಾಗದಲ್ಲಿ ಬಣ್ಣದ ಬಿಲ್ಲೆಗಳನ್ನು ಜೋಡಿಸಿದ್ದಾರೆ. ನಕ್ಷತ್ರ, ಕೊಕ್ಕೆ, ತಿರುಚಿದ ತ್ರಿಕೋನ, ಎಲುಬಿನಂತಹ ಆಕೃತಿಗಳು ಒಂದರೊಳಗೊಂದು ಬೆಸೆದುಕೊಂಡು ಗೋಡೆಯುದ್ದಕ್ಕೂ ಹರಡಿವೆ. ಅವುಗಳ ನಡುವೆ ಸಂದಿಲ್ಲ. ಒಂದರ ಮೇಲೊಂದು ಏರಿಲ್ಲ. ಎಶರ್ ಆಗ ಒಂದು ವಿನ್ಯಾಸವನ್ನು ಕರಡಾಗಿ ಬರೆದುಕೊಂಡರು.

ಮುಂದಿನ ಯಶಸ್ಸು ಮರುದಿನವೇ ಬರಲಿಲ್ಲ. ಇಟಲಿಯಲ್ಲಿ ನೆಲೆಸಿದ್ದ ಅವರು 1926ರ ಸುಮಾರಿಗೆ ಪ್ರಾಣಿಗಳ ಆಕೃತಿಗಳನ್ನು ಇದೇ ರೀತಿ ಹೊಂದಿಸಿ ಬಟ್ಟೆಯ ಮೇಲೆ ಅಚ್ಚೊತ್ತಲು ಪ್ರಯತ್ನಿಸಿದರು. ಫಲಿತಾಂಶ ಅವರಿಗೇ ತೃಪ್ತಿ ಕೊಡಲಿಲ್ಲ, ನೋಡಿದವರೂ ಮೆಚ್ಚಲಿಲ್ಲ. ಅವರು ಅದನ್ನು ಕೈಬಿಟ್ಟು ಸುಮಾರು ಹತ್ತು ವರ್ಷ ಇಟಲಿಯ ಬೆಟ್ಟಗುಡ್ಡಗಳನ್ನೂ ಹಳ್ಳಿಗಳನ್ನೂ ಚಿತ್ರಿಸುತ್ತಾ ಉಳಿದರು. ಫ್ಯಾಸಿಸ್ಟ್ ಆಡಳಿತ ಬಲಗೊಂಡು, ಚಿಕ್ಕ ಮಗನಿಗೂ ಶಾಲೆಯಲ್ಲಿ ಆ ಪಕ್ಷದ ಸಮವಸ್ತ್ರ ತೊಡಿಸುವ ಕಾಲ ಬಂದಾಗ, 1935ರಲ್ಲಿ ಎಶರ್ ಕುಟುಂಬ ಇಟಲಿಯನ್ನು ತೊರೆಯಿತು.

ಮರುವರ್ಷ, 1936ರಲ್ಲಿ, ಎಶರ್ ಒಂದು ಹಡಗು ಕಂಪನಿಗೆ ಪತ್ರ ಬರೆದು ವಿಚಿತ್ರವಾದ ಒಪ್ಪಂದ ಮಾಡಿಕೊಂಡರು. ಪ್ರಯಾಣದ ಖರ್ಚಿಗೆ ಬದಲಾಗಿ ತಾವು ರಚಿಸುವ ಅಚ್ಚುಚಿತ್ರಗಳನ್ನು ಕೊಡುವುದು. ಹೀಗೆ ಅವರು ಪತ್ನಿ ಯೆಟ್ಟಾ ಅವರೊಂದಿಗೆ ಮತ್ತೆ ಅಲ್ಹಾಂಬ್ರಾಕ್ಕೆ ಬಂದರು. ಇಬ್ಬರೂ ದಿನಗಟ್ಟಲೆ ಗೋಡೆಗಳ ಮುಂದೆ ಕುಳಿತು ವಿನ್ಯಾಸಗಳನ್ನು ನಕಲು ಮಾಡಿದರು. ಬಳಿಕ ಕಾರ್ಡೋಬಾದ ಹಳೆಯ ಮಹಾಮಸೀದಿಯಲ್ಲಿಯೂ ಇದೇ ಕೆಲಸ ನಡೆಯಿತು.

ನಕಲು ಎಂಬ ಶಬ್ದಕ್ಕೆ ನಮ್ಮ ಶಾಲೆಗಳಲ್ಲಿ ಕೆಟ್ಟ ಹೆಸರಿದೆ. ಆದರೆ ಕಣ್ಣಿನಿಂದ ಕಂಡುದನ್ನು ಕೈಯಿಂದ ಬರೆಯುವಾಗ ಪ್ರತಿ ಗೆರೆಗೂ ಉತ್ತರ ಹುಡುಕಬೇಕಾಗುತ್ತದೆ. ಈ ಗೆರೆ ಎಲ್ಲಿಂದ ಹೊರಟಿತು, ಎಲ್ಲಿ ತಿರುಗಿತು, ಪಕ್ಕದ ಆಕೃತಿಗೂ ಇದೇ ಗೆರೆ ಅಂಚಾದದ್ದು ಹೇಗೆ? ಫೋಟೋ ತೆಗೆದುಕೊಂಡು ಹೋದವರಿಗೆ ಈ ಪ್ರಶ್ನೆಗಳು ಏಳುವುದೇ ಇಲ್ಲ.

ಅಲ್ಹಾಂಬ್ರಾದ ಬಿಲ್ಲೆಗಳಲ್ಲಿ ಪ್ರಾಣಿ, ಪಕ್ಷಿ, ಮನುಷ್ಯರ ಆಕೃತಿಗಳಿಲ್ಲದಿರುವುದು ಎಶರ್ ಅವರಿಗೆ ಒಂದು ಕೊರತೆಯಾಗಿ ಕಂಡಿತು. ಇಲ್ಲೊಂದು ಮಾತನ್ನು ಸೇರಿಸಬೇಕು. ಆ ಕುಶಲಕರ್ಮಿಗಳಿಗೆ ಪ್ರಾಣಿಗಳನ್ನು ರೂಪಿಸಲು ಬಾರದೆಂದು ಭಾವಿಸಬಾರದು. ಅದೇ ಅರಮನೆಯ ಅಂಗಳದ ಕಾರಂಜಿಯನ್ನು ಹನ್ನೆರಡು ಕಲ್ಲಿನ ಸಿಂಹಗಳು ಹೊತ್ತು ನಿಂತಿವೆ. ಗೋಡೆಗೆ ಅವರು ಆಯ್ದುಕೊಂಡದ್ದು ಶುದ್ಧ ರೇಖಾವಿನ್ಯಾಸವನ್ನು. ಎಶರ್ ಆಯ್ದುಕೊಂಡದ್ದು ಬೇರೊಂದನ್ನು. ಅದೇ ನಿಯಮಗಳಿಂದ ಹಕ್ಕಿ, ಮೀನು, ಹಲ್ಲಿ, ಕುದುರೆ ಸವಾರರು ಹುಟ್ಟಬೇಕು ಎಂದು ಅವರು ಹೊರಟರು.

ಅರ್ಥವಾಗದ ಲೇಖನ, ಅರ್ಥವಾದ ಚಿತ್ರ

1937ರಲ್ಲಿ ಎಶರ್ ತಮ್ಮ ಹೊಸ ಕರಡುಗಳನ್ನು ಮಲ ಅಣ್ಣ ಬೆರೆಂಡ್ ಅವರಿಗೆ ತೋರಿಸಿದರು. ಬೆರೆಂಡ್ ಲೈಡನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರು. ಉಪ್ಪಿನ ಹರಳಿನಲ್ಲಿ ಕಣಗಳು ಸಾಲುಸಾಲಾಗಿ ಪುನರಾವರ್ತಿಸುವಂತೆಯೇ ತಮ್ಮನ ಚಿತ್ರಗಳಲ್ಲಿ ಆಕೃತಿಗಳು ಪುನರಾವರ್ತಿಸುತ್ತಿರುವುದನ್ನು ಅವರು ಗುರುತಿಸಿದರು. ಸ್ಫಟಿಕ ವಿಜ್ಞಾನದ ಜರ್ಮನ್ ಪತ್ರಿಕೆಯೊಂದರಲ್ಲಿ ಬಂದ ಲೇಖನಗಳ ಪಟ್ಟಿಯನ್ನು ಕೊಟ್ಟರು. ಅವುಗಳಲ್ಲಿ ಒಂದು, ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯಾ 1924ರಲ್ಲಿ ಬರೆದದ್ದು.

ಆ ಲೇಖನದ ಗಣಿತ ಎಶರ್ ಅವರಿಗೆ ಅರ್ಥವಾಗಲಿಲ್ಲ. ಆದರೆ ಅದರಲ್ಲಿ 17 ವಿನ್ಯಾಸಗಳ ಚಿತ್ರಗಳಿದ್ದವು. ಸಮತಲದ ಮೇಲೆ ಎರಡು ದಿಕ್ಕುಗಳಿಗೂ ಕೊನೆಯಿಲ್ಲದೆ ಪುನರಾವರ್ತಿಸುವ ವಿನ್ಯಾಸಗಳನ್ನು ಅವುಗಳ ಸಮಮಿತಿಯ ದೃಷ್ಟಿಯಿಂದ ವಿಂಗಡಿಸಿದರೆ ಒಟ್ಟು 17 ಬಗೆಗಳಷ್ಟೇ ಸಾಧ್ಯ, ಹದಿನೆಂಟನೆಯದು ಇಲ್ಲ. ರಷ್ಯಾದ ಸ್ಫಟಿಕ ವಿಜ್ಞಾನಿ ಫೆಡೊರೊವ್ 1891ರಲ್ಲಿಯೇ ಇದನ್ನು ಸಾಧಿಸಿ ತೋರಿಸಿದ್ದರು. ಎಶರ್ ಆ 17 ಚಿತ್ರಗಳನ್ನೂ ತಮ್ಮ ಪುಸ್ತಕದಲ್ಲಿ ಕೈಯಾರೆ ಬರೆದುಕೊಂಡರು. ಬರೆಯುತ್ತ ಬರೆಯುತ್ತ ಅವುಗಳ ನಿಯಮಗಳನ್ನು ತಾವೇ ಕಂಡುಕೊಂಡರು. 1941ರ ಹೊತ್ತಿಗೆ ಆ ನಿಯಮಗಳನ್ನೆಲ್ಲ ವಿಂಗಡಿಸಿ ತಮಗಾಗಿಯೇ ಒಂದು ಕೈಬರಹದ ಪುಸ್ತಕವನ್ನು ಸಿದ್ಧಪಡಿಸತೊಡಗಿದ್ದರು. ಅದರಲ್ಲಿ ಗಣಿತಜ್ಞರ ಪರಿಭಾಷೆಯಿಲ್ಲ. ಅಕ್ಷರಗಳೂ ಅಂಕೆಗಳೂ ಸೇರಿದ ತಮ್ಮದೇ ಗುರುತುಗಳನ್ನು ಅವರು ಮಾಡಿಕೊಂಡಿದ್ದರು. ಪಕ್ಕಪಕ್ಕದ ಆಕೃತಿಗಳಿಗೆ ಬೇರೆ ಬೇರೆ ಬಣ್ಣ ಬರಬೇಕಾದರೆ ಎರಡು ಬಣ್ಣ ಸಾಕೇ, ಮೂರು ಬೇಕೇ ಎಂಬ ಪ್ರಶ್ನೆಯನ್ನೂ ಅವರು ಕ್ರಮವಾಗಿ ಶೋಧಿಸಿದರು. ಸ್ಫಟಿಕ ವಿಜ್ಞಾನಿಗಳು ಬಣ್ಣದ ಸಮಮಿತಿಯ ಸಿದ್ಧಾಂತವನ್ನು ವಿಸ್ತಾರವಾಗಿ ಬೆಳೆಸುವ ಮೊದಲೇ ಈ ಕಲಾವಿದ ಆ ಹಾದಿಯಲ್ಲಿ ನಡೆದಿದ್ದರು.

ನಾಲ್ಕು ಚಲನೆಗಳು

ಇಷ್ಟಕ್ಕೂ ಆ ನಿಯಮಗಳು ಯಾವುವು? ಮೂಲದಲ್ಲಿ ಇರುವುದು ನಾಲ್ಕೇ ಚಲನೆಗಳು. ನಾಲ್ಕನ್ನೂ ನಮ್ಮ ಮನೆಯಂಗಳದಲ್ಲಿಯೇ ಕಾಣಬಹುದು.

ಮೊದಲನೆಯದು ಸರಿಸುವುದು. ಒಂದು ಆಕೃತಿಯನ್ನು ತಿರುಗಿಸದೆ, ಮಗುಚದೆ, ನೇರವಾಗಿ ಪಕ್ಕಕ್ಕೆ ಅಥವಾ ಮೇಲಕ್ಕೆ ಒಯ್ದರೆ ಅದೇ ಆಕೃತಿ ಪುನಃ ಸಿಗುತ್ತದೆ. ಗಾರೆ ಮಾಡದ ಕೆಂಪುಕಲ್ಲಿನ ಗೋಡೆಯನ್ನು ನೋಡಿ. ಒಂದು ಕಲ್ಲಿನ ಜಾಗದಿಂದ ಇನ್ನೊಂದು ಕಲ್ಲಿನ ಜಾಗಕ್ಕೆ ಸರಿದರೆ ಗೋಡೆಯ ರೂಪ ಬದಲಾಗುವುದಿಲ್ಲ.

ಎರಡನೆಯದು ತಿರುಗಿಸುವುದು. ಓಣಂ ಸಮಯದಲ್ಲಿ ನಮ್ಮ ಶಾಲೆಗಳಲ್ಲಿ ಮಕ್ಕಳು ಹಾಕುವ ಪೂಕಳವನ್ನು ನೆನೆಯಿರಿ. ಎಂಟು ಎಸಳುಗಳ ಪೂಕಳವನ್ನು ನಡುವಿನ ಬಿಂದುವಿನ ಸುತ್ತ 45 ಡಿಗ್ರಿ ತಿರುಗಿಸಿದರೆ ಅದು ಮೊದಲಿನಂತೆಯೇ ಕಾಣುತ್ತದೆ. ಆರು ಎಸಳಾದರೆ 60 ಡಿಗ್ರಿ.

ಮೂರನೆಯದು ಕನ್ನಡಿಯಲ್ಲಿ ಕಂಡಂತೆ ಮಗುಚುವುದು. ಹಲಸಿನ ಎಲೆಯನ್ನು ನಡುನರದ ಗುಂಟ ಮಡಚಿದರೆ ಎರಡು ಬದಿಗಳೂ ಸರಿಸುಮಾರಾಗಿ ಹೊಂದುತ್ತವೆ. ಯಕ್ಷಗಾನದ ವೇಷಧಾರಿಯ ಕಿರೀಟವೂ ಮುಖವರ್ಣಿಕೆಯೂ ಬಹುಮಟ್ಟಿಗೆ ಎಡಬಲ ಒಂದೇ.

ನಾಲ್ಕನೆಯದು ಸರಿಸಿ ಮಗುಚುವುದು. ಇದು ಸ್ವಲ್ಪ ಕಠಿನವೆನಿಸಬಹುದು. ಆದರೆ ಕಡಲತೀರದ ಒದ್ದೆ ಮರಳಿನಲ್ಲಿ ನಡೆದವರೆಲ್ಲ ಇದನ್ನು ಬರೆದಿದ್ದಾರೆ. ಎಡ ಹೆಜ್ಜೆ, ಸ್ವಲ್ಪ ಮುಂದೆ ಬಲ ಹೆಜ್ಜೆ. ಬಲ ಹೆಜ್ಜೆಯು ಎಡ ಹೆಜ್ಜೆಯ ಕನ್ನಡಿ ಪ್ರತಿಬಿಂಬ. ಆದರೆ ನೇರ ಪಕ್ಕದಲ್ಲಿಲ್ಲ, ಒಂದು ಹೆಜ್ಜೆ ಮುಂದಕ್ಕೆ ಸರಿದಿದೆ.

ಎಶರ್ ಅವರ 1946ರ ಕುದುರೆ ಸವಾರರ ಚಿತ್ರ ನಿಂತಿರುವುದು ಈ ನಾಲ್ಕನೆಯ ಚಲನೆಯ ಮೇಲೆ. ಒಂದು ಬಣ್ಣದ ಸವಾರರು ಎಡಕ್ಕೆ ಸಾಗುತ್ತಾರೆ, ಇನ್ನೊಂದು ಬಣ್ಣದವರು ಬಲಕ್ಕೆ. ಒಂದು ಸಾಲಿನ ಸವಾರರ ನಡುವೆ ಉಳಿದ ಜಾಗವೇ ಇನ್ನೊಂದು ಸಾಲಿನ ಸವಾರರ ಆಕಾರ. ಬರಿಯ ಕನ್ನಡಿ ಪ್ರತಿಬಿಂಬವನ್ನು ಎಶರ್ ಬಳಸಿದ್ದು ಕಡಿಮೆ. ಕಾರಣ ಸರಳ. ಪಕ್ಕದಲ್ಲಿರುವುದು ತನ್ನದೇ ಪ್ರತಿಬಿಂಬವಾದರೆ ಇಬ್ಬರ ನಡುವಿನ ಗಡಿ ನೇರ ಗೆರೆಯಾಗಬೇಕು. ನೇರ ಗೆರೆಯಿಂದ ಹಕ್ಕಿಯ ರೆಕ್ಕೆಯನ್ನಾಗಲಿ ಮೀನಿನ ಬೆನ್ನನ್ನಾಗಲಿ ಮೂಡಿಸುವುದು ಸುಲಭವಲ್ಲ.

ಐದು ಬಾಹುಗಳ ಬಿಲ್ಲೆ ಏಕೆ ಹೊಂದುವುದಿಲ್ಲ?

ಮನೆಯಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಚೌಕ, ಆರು ಮೂಲೆಯ ಷಡ್ಭುಜ, ಅಂಕುಡೊಂಕು ಅಂಚಿನವು ಹೀಗೆ ಹಲವು ಬಗೆ ಸಿಗುತ್ತವೆ. ಐದು ಬಾಹುಗಳೂ ಐದು ಕೋನಗಳೂ ಸಮನಾಗಿರುವ ಪಂಚಭುಜದ ಬಿಲ್ಲೆಗಳಿಂದಲೇ ಅಂಗಳ ತುಂಬಿದವರನ್ನು ನೀವು ಕಂಡಿರಲಾರಿರಿ. ಇದಕ್ಕೆ ಕಾರಣ ಕೋನಗಳ ಲೆಕ್ಕ.

ಬಿಲ್ಲೆಗಳ ಮೂಲೆಗಳು ಒಂದು ಬಿಂದುವಿನಲ್ಲಿ ಸೇರುವಾಗ ಅಲ್ಲಿರುವ ಕೋನಗಳ ಮೊತ್ತ ಸರಿಯಾಗಿ 360 ಡಿಗ್ರಿ ಆಗಬೇಕು. ಚೌಕದ ಕೋನ 90; ನಾಲ್ಕು ಸೇರಿದರೆ 360. ಸಮಬಾಹು ತ್ರಿಕೋನದ್ದು 60. ಆರು ಸೇರಿದರೆ 360. ಸಮ ಷಡ್ಭುಜದ್ದು 120. ಮೂರು ಸೇರಿದರೆ 360. ಆದರೆ ಸಮ ಪಂಚಭುಜದ ಕೋನ 108. ಮೂರು ಸೇರಿದರೆ 324, ಅಂದರೆ 36 ಡಿಗ್ರಿಯ ಸಂದು ಉಳಿಯುತ್ತದೆ. ನಾಲ್ಕು ಸೇರಿದರೆ 432, ಒಂದರ ಮೇಲೊಂದು ಏರುತ್ತದೆ. ಹೀಗಾಗಿ ಸಮಬಹುಭುಜಗಳಲ್ಲಿ ಒಂದೇ ಬಗೆಯನ್ನು ಬಳಸಿ ಮೂಲೆಗೆ ಮೂಲೆ ಸೇರಿಸಿ ನೆಲ ತುಂಬಲು ಸಾಧ್ಯವಾಗುವುದು ಈ ಮೂರರಿಂದ ಮಾತ್ರ. ಪ್ರೌಢಶಾಲೆಯ ಮಗು ಕಲಿಯುವ ಕೋನಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಂಡಿಲ್ಲ. ಇದನ್ನು ಹೇಳಲು ಒಂದು ಇಂಗ್ಲಿಷ್ ವಾಕ್ಯವೂ ಬೇಕಾಗಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಪುಟದಿಂದ ಎದ್ದುಬಂದ ಹಲ್ಲಿ

1939ರಲ್ಲಿ ಎಶರ್ ಷಡ್ಭುಜಗಳನ್ನು ಆಧಾರವಾಗಿಟ್ಟುಕೊಂಡು ಹಲ್ಲಿಯಂತಹ ಜೀವಿಗಳ ಒಂದು ವಿನ್ಯಾಸವನ್ನು ರಚಿಸಿದರು. ಅವರ ಚಿತ್ರಗಳ ಸಾಲಿನಲ್ಲಿ ಅದು 25ನೆಯದು. ಮೂರು ಬಣ್ಣದ ಮೂರು ಹಲ್ಲಿಗಳ ತಲೆಗಳು ಒಂದು ಬಿಂದುವಿನ ಬಳಿ ಕೂಡುತ್ತವೆ. ಆ ಬಿಂದುವಿನ ಸುತ್ತ ಇಡೀ ವಿನ್ಯಾಸವನ್ನು 120 ಡಿಗ್ರಿ ತಿರುಗಿಸಿದರೆ ಒಂದು ಹಲ್ಲಿಯ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಬಣ್ಣಗಳು ಮಾತ್ರ ಸ್ಥಾನ ಬದಲಿಸುತ್ತವೆ.

ನಾಲ್ಕು ವರ್ಷಗಳ ಬಳಿಕ, 1943ರಲ್ಲಿ, ಅವರು "ಸರೀಸೃಪಗಳು" ಎಂಬ ಕಲ್ಲಚ್ಚಿನ ಚಿತ್ರವನ್ನು ಮಾಡಿದರು. ಅದರಲ್ಲಿ ಮೇಜಿನ ಮೇಲೆ ತೆರೆದಿಟ್ಟ ಕರಡು ಪುಸ್ತಕವೇ ಮುಖ್ಯ ವಸ್ತು. ಪುಟದಲ್ಲಿ ಹಲ್ಲಿಗಳ ಅದೇ ವಿನ್ಯಾಸವಿದೆ. ಪುಟದ ಅಂಚಿನಲ್ಲಿರುವ ಒಂದು ಹಲ್ಲಿ ಕಾಗದದಿಂದ ಕೈ ಎತ್ತಿ ಹೊರಗೆ ತೆವಳುತ್ತದೆ. ಒಂದು ದಪ್ಪ ಪುಸ್ತಕವನ್ನು ಹತ್ತುತ್ತದೆ. ಜಾಮಿತಿ ಪೆಟ್ಟಿಗೆಯಲ್ಲಿರುವಂತಹ ತ್ರಿಕೋನಪಟ್ಟಿಯ ಮೇಲೆ ನಡೆದು, ಹನ್ನೆರಡು ಮುಖಗಳ ಘನಾಕೃತಿಯೊಂದರ ನೆತ್ತಿಗೇರಿ, ಮೂಗಿನಿಂದ ಹೊಗೆ ಬಿಡುತ್ತದೆ. ಮತ್ತೆ ಕೆಳಗಿಳಿದು ಪುಟದೊಳಗೆ ಮರಳಿ ಚಪ್ಪಟೆಯಾಗುತ್ತದೆ.

ತಮಾಷೆಯ ಚಿತ್ರವೆಂದು ಮಕ್ಕಳು ನಗುತ್ತಾರೆ. ನಮಗೆ ಅದರಲ್ಲಿ ಇನ್ನೊಂದು ಅರ್ಥ ಕಾಣುತ್ತದೆ. ಕರಡು ಪುಸ್ತಕದಲ್ಲಿ ಹುಟ್ಟಿದ್ದಕ್ಕೆ ಜೀವ ಬರುತ್ತದೆ. ಅದು ಪುಸ್ತಕವನ್ನೂ ಜಾಮಿತಿಯನ್ನೂ ದಾಟಿ, ಪುನಃ ಕರಡಿಗೇ ಬರುತ್ತದೆ. ಎಶರ್ ತಮ್ಮ ಬದುಕಿನಲ್ಲಿ ಮಾಡಿದ್ದೂ ಇದನ್ನೇ. ಅವರ ಪ್ರಸಿದ್ಧ ಅಚ್ಚುಚಿತ್ರಗಳಲ್ಲಿ ಅನೇಕವು ಈ ಕರಡುಗಳಿಂದ ಹುಟ್ಟಿದವು. 1938ರ "ಹಗಲು ಮತ್ತು ಇರುಳು" ಚಿತ್ರದಲ್ಲಿ ಹೊಲದ ಚೌಕಗಳು ಮೇಲೇರುತ್ತಾ ಬಿಳಿ ಹಾಗೂ ಕಪ್ಪು ಹಕ್ಕಿಗಳಾಗುತ್ತವೆ.

ಪೆನ್ಸಿಲು, ಮಸಿ, ಜಲವರ್ಣಗಳಲ್ಲಿ ಬರೆದು ಸಂಖ್ಯೆ ಕೊಟ್ಟಿಟ್ಟ ಈ ವಿನ್ಯಾಸಗಳ ಒಟ್ಟು ಸಂಖ್ಯೆ 137. ಕೊನೆಯದನ್ನು ರಚಿಸಿದ್ದು 1971ರಲ್ಲಿ. ಗಣಿತಜ್ಞ ರೋಜರ್ ಪೆನ್ರೋಸ್ ಕೊಟ್ಟ ಮರದ ತುಂಡುಗಳ ಒಗಟೊಂದು ಅದಕ್ಕೆ ಪ್ರೇರಣೆ. ಮರುವರ್ಷ, 1972ರ ಮಾರ್ಚ್ 27ರಂದು ಎಶರ್ ತೀರಿಕೊಂಡರು. 1954ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಗಣಿತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಾಗ ಅವರ ಚಿತ್ರಗಳ ಪ್ರದರ್ಶನ ಏರ್ಪಟ್ಟಿತ್ತು. 1965ರಲ್ಲಿ ಸ್ಫಟಿಕ ವಿಜ್ಞಾನಿ ಕ್ಯಾರೊಲಿನ್ ಮಕ್‌ಗಿಲಾವ್ರಿ ಅವರು ಈ ವಿನ್ಯಾಸಗಳನ್ನೇ ಆಧರಿಸಿ ವಿದ್ಯಾರ್ಥಿಗಳಿಗಾಗಿ ಒಂದು ಪುಸ್ತಕ ಬರೆದರು. ಗಣಿತದಲ್ಲಿ ಹಿಂದುಳಿದಿದ್ದ ಬಾಲಕನ ಕರಡುಗಳು ಹೀಗೆ ವಿಜ್ಞಾನದ ಪಾಠವಾದವು.

ಬೂಟಿನ ಗುರುತಿನ ಹಾಳೆ

ಆ ಅಧ್ಯಾಪಕರು ಏನಾದರು ಎಂಬುದನ್ನು ಹೇಳದೆ ಈ ಕಥನ ಪೂರ್ಣವಾಗದು. ದೆ ಮೆಸ್ಕಿತಾ ಯಹೂದಿಯಾಗಿದ್ದರು. ನೆದರ್ಲೆಂಡ್ಸ್ ನಾಜಿ ಜರ್ಮನಿಯ ವಶದಲ್ಲಿದ್ದ ಕಾಲದಲ್ಲಿ, 1944ರ ಆರಂಭದಲ್ಲಿ, ಅವರನ್ನೂ ಪತ್ನಿಯನ್ನೂ ಮಗನನ್ನೂ ಮನೆಯಿಂದ ಹಿಡಿದೊಯ್ದರು. ಆ ವರ್ಷದ ಫೆಬ್ರವರಿಯಲ್ಲಿ ದೆ ಮೆಸ್ಕಿತಾ ಮತ್ತು ಅವರ ಪತ್ನಿ ಆಶ್ವಿಟ್ಸ್ ಶಿಬಿರದಲ್ಲಿ ಹತರಾದರು. ಮಗನೂ ಬದುಕಿ ಮರಳಲಿಲ್ಲ.

ಗುರುಗಳನ್ನು ಕಾಣಲೆಂದು ಬಂದ ಎಶರ್ ಕಂಡದ್ದು ಚೆಲ್ಲಾಪಿಲ್ಲಿಯಾದ ಮನೆಯನ್ನು. ನೆಲದ ಮೇಲೆ ಹರಡಿದ್ದ ಚಿತ್ರಗಳಲ್ಲಿ ಕೈಗೆ ಸಿಕ್ಕಷ್ಟನ್ನು ಅವರು ಆಯ್ದು ತಂದರು. ಸೈನಿಕನ ಬೂಟಿನ ಗುರುತು ಬಿದ್ದಿದ್ದ ಒಂದು ಹಾಳೆಯನ್ನು ಜೀವನದುದ್ದಕ್ಕೂ ಜೋಪಾನವಾಗಿಟ್ಟುಕೊಂಡರು. ಯುದ್ಧ ಮುಗಿದ ಬಳಿಕ, 1946ರಲ್ಲಿ, ಗುರುಗಳ ನೆನಪಿನ ಚಿತ್ರಪ್ರದರ್ಶನಕ್ಕಾಗಿ ದುಡಿದರು. ಶಿಷ್ಯನ ಕರಡುಗಳನ್ನು ಮೊದಲು ಗುರುತಿಸಿದವರು ಗುರುಗಳು. ಗುರುಗಳ ಹಾಳೆಗಳನ್ನು ಕೊನೆಗೆ ಉಳಿಸಿದವರು ಶಿಷ್ಯರು. ಅಧ್ಯಾಪಕರಾದ ನಮಗೆ ಇದು ಮರೆಯಲಾಗದ ಸಂಗತಿ.

ಮನೆಯಲ್ಲಿ ಮಾಡಿ ನೋಡಿ

ಈಗ ಹೆತ್ತವರಿಗೊಂದು ಕೋರಿಕೆ. ಬರುವ ರಜಾದಿನದಲ್ಲಿ ಮಕ್ಕಳೊಂದಿಗೆ ಅರ್ಧ ಗಂಟೆ ಕುಳಿತು ಇದನ್ನು ಮಾಡಿ ನೋಡಿ. ಬೇಕಾಗುವುದು ಹಳೆಯ ಮದುವೆ ಕಾಗದದ ದಪ್ಪ ಹಾಳೆ, ಕತ್ತರಿ, ಅಂಟುಪಟ್ಟಿ, ಪೆನ್ಸಿಲು ಮಾತ್ರ.

ಆರು ಸೆಂಟಿಮೀಟರ್ ಬಾಹುವಿನ ಒಂದು ಚೌಕವನ್ನು ಕತ್ತರಿಸಿಕೊಳ್ಳಿ. ಅದರ ಎಡ ಬದಿಯ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ ಮಗು ತನಗಿಷ್ಟ ಬಂದಂತೆ ಒಂದು ಬಳುಕಿದ ಗೆರೆ ಎಳೆಯಲಿ. ಆ ಗೆರೆಯ ಗುಂಟ ಕತ್ತರಿಸಿ, ಬಂದ ತುಂಡನ್ನು ತಿರುಗಿಸದೆ, ಮಗುಚದೆ, ನೇರವಾಗಿ ಬಲ ಬದಿಗೆ ಸರಿಸಿ ಅಂಟಿಸಿ. ಮೇಲಿನ ಬದಿಯಿಂದಲೂ ಹೀಗೆಯೇ ಒಂದು ತುಂಡು ಕತ್ತರಿಸಿ ಕೆಳಗಿನ ಬದಿಗೆ ಸರಿಸಿ ಅಂಟಿಸಿ. ಈಗ ಕೈಯಲ್ಲಿರುವುದು ಚೌಕವಲ್ಲ, ಯಾವುದೋ ವಿಚಿತ್ರ ಆಕೃತಿ. ಅದನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಪಕ್ಕಕ್ಕೆ ಸರಿಸಿ ಮತ್ತೆ ಎಳೆಯಿರಿ. ಇಡೀ ಹಾಳೆ ಸಂದಿಲ್ಲದೆ ತುಂಬುತ್ತದೆ.

ಬಳಿಕ ಮಗುವನ್ನು ಕೇಳಿ: ಇದೇಕೆ ಹೊಂದಿತು? ಎಡದಿಂದ ತೆಗೆದ ತಗ್ಗೇ ಬಲದ ಉಬ್ಬಾಗಿದೆ. ಆದುದರಿಂದ ಒಂದರ ಉಬ್ಬು ಪಕ್ಕದ್ದರ ತಗ್ಗಿಗೆ ಕೂರುತ್ತದೆ. ಇನ್ನೊಂದು ಪ್ರಶ್ನೆ: ಈ ಆಕೃತಿಯ ವಿಸ್ತೀರ್ಣವೆಷ್ಟು? ಮಗು ಮೊದಲು ಕಂಗಾಲಾಗಬಹುದು. ಆದರೆ ಕತ್ತರಿಸಿದ್ದು ಎಲ್ಲಿಗೂ ಹೋಗಿಲ್ಲ, ಜಾಗವಷ್ಟೇ ಬದಲಿಸಿದೆ. ಆದುದರಿಂದ ಈಗಲೂ ಅದು 36 ಚದರ ಸೆಂಟಿಮೀಟರ್. ಕೊನೆಗೆ ಆಕೃತಿಯನ್ನು ಹಾಗೂ ಹೀಗೂ ತಿರುಗಿಸಿ, ಅದರಲ್ಲಿ ಯಾವ ಪ್ರಾಣಿ ಅಡಗಿದೆಯೆಂದು ಹುಡುಕಲಿ. ಕಣ್ಣು, ಬಾಲ, ರೆಕ್ಕೆ ಬರೆಯಲಿ. ಮೊದಲ ಸಲ ಅದು ಯಾವ ಪ್ರಾಣಿಯೂ ಆಗದಿದ್ದರೆ ಬೇಸರ ಬೇಡ. ಎಶರ್ ಅವರಿಗೂ ಹತ್ತು ವರ್ಷ ಬೇಕಾಯಿತು.

ನಮ್ಮ ಪಾಲಿನ ಹೊಣೆ

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಸಂಕಷ್ಟ ಓದುಗರಿಗೆ ಹೊಸತಲ್ಲ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದಾಗ ಮಕ್ಕಳು ಕಳೆದುಕೊಳ್ಳುವುದು ಬರಿಯ ಶಬ್ದಗಳನ್ನಲ್ಲ, "ಇದೇಕೆ ಹೀಗೆ" ಎಂದು ಕೇಳುವ ಧೈರ್ಯವನ್ನು. ಆ ಹೋರಾಟ ನಡೆಯಲೇಬೇಕು. ಆದರೆ ನಮ್ಮ ಕೈಯಲ್ಲಿಯೇ ಇರುವ ಕೆಲವನ್ನು ನಾವೇ ಕಳೆದಿದ್ದೇವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಪರೀಕ್ಷೆ ಹತ್ತಿರ ಬಂದಾಗ ಚಿತ್ರಕಲೆಯ ಅವಧಿಯನ್ನು ಗಣಿತದ ಪುನರಾವರ್ತನೆಗೆಂದು ನಾವೂ ಅನೇಕ ಬಾರಿ ಕಸಿದುಕೊಂಡಿದ್ದೇವೆ. ಗಣಿತವನ್ನು ಉಳಿಸಲೆಂದು ಗಣಿತದ ಒಂದು ಬಾಗಿಲನ್ನೇ ಮುಚ್ಚಿದ್ದೇವೆ.

"ಲೆಕ್ಕಕ್ಕೆ ಇಂಗ್ಲಿಷೇ ಬೇಕಂತೆ" ಎಂದ ಆ ತಂದೆಗೆ ಅಂದು ಕೊಡಬೇಕಾಗಿದ್ದ ಉತ್ತರ ಇಂದು ನಮ್ಮಲ್ಲಿದೆ. ಲೆಕ್ಕಕ್ಕೆ ಮೊದಲು ಬೇಕಾದುದು ನೋಡುವ ಕಣ್ಣು, ತಿದ್ದಿ ಬರೆಯುವ ಕೈ ಮತ್ತು ಕಂಡುದನ್ನು ಅಂಜದೆ ಹೇಳಬಲ್ಲ ಮಾತು. ಆ ಮಾತು ಮಗುವಿಗೆ ಮೊದಲು ಒದಗುವುದು ಮನೆಯ ಭಾಷೆಯಲ್ಲಿ. ಸಮಮಿತಿ, ಕೋನ, ವಿಸ್ತೀರ್ಣ ಎಂಬ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿಯೇ ಇವೆ. ಮುಂದೆ ಇಂಗ್ಲಿಷಿನ ಹೆಸರುಗಳನ್ನು ಕಲಿಯುವುದಕ್ಕೆ ಅಡ್ಡಿಯೇನೂ ಇಲ್ಲ. ಅರ್ಥ ತಿಳಿದವನಿಗೆ ಇನ್ನೊಂದು ಹೆಸರು ಭಾರವಾಗುವುದಿಲ್ಲ.

ಇಂದು ಸಂಜೆ ಮಗುವಿನ ಪುಸ್ತಕವನ್ನು ನೋಡುವಾಗ ಹಿಂಬದಿಯ ಪುಟಗಳನ್ನೂ ತೆರೆಯಿರಿ. ಅಲ್ಲಿ ಮೀನೋ ಹಲ್ಲಿಯೋ ಕಂಡರೆ ಗದರುವ ಮೊದಲು ಒಂದು ಪ್ರಶ್ನೆ ಕೇಳಿ: "ಇದನ್ನು ಹೇಗೆ ಹೊಂದಿಸಿದೆ ಮಗಾ?" ಅಂದು ನಾವು ಕೇಳದೆ ಬಿಟ್ಟ ಪ್ರಶ್ನೆ ಅದು.